ರೀಲೋ ಡಿಜಿಟಲ್ಲೋ: ಹೊಣೆ ಹೊತ್ತವರ ಆಯ್ಕೆ

ಮುಗಿದೇ ಹೋಯಿತು ಎಂದುಕೊಂಡಿದ್ದ ಫಿಲಂ ಕ್ಯಾಮೆರಾ ಮತ್ತೆ ತಲೆಯೆತ್ತಿದೆ. ತಾನೇ ನಿಲ್ಲಿಸಿದ್ದ ಎಕ್ಟಾಕ್ರೋಮ್ ಸ್ಲೈಡ್ ಫಿಲಂ ಅನ್ನು ಕೊಡಾಕ್ 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಜರ್ಮನಿಯ ಲೈಕಾ ಕಂಪನಿ 2022ರಲ್ಲಿ ತನ್ನ ಹಳೆಯ ‘ಎಂ6’ ಕ್ಯಾಮೆರಾವನ್ನು ಪುನಃ ತಯಾರಿಸತೊಡಗಿತು. 2024ರಲ್ಲಿ ‘ಪೆಂಟಾಕ್ಸ್ 17’ ಎಂಬ ಹೊಚ್ಚಹೊಸ ಫಿಲಂ ಕ್ಯಾಮೆರಾವೇ ಬಂತು. ಹವ್ಯಾಸವಾಗಿ ಇದು ಸಂತೋಷದ ಸಂಗತಿ. ಆದರೆ ಫೋಟೊಗ್ರಫಿಯನ್ನೇ ಕಸುಬು ಮಾಡಿಕೊಳ್ಳಲು ಹೊರಟ ಯುವಕರೂ ಈಗ ಫಿಲಂ ಕಡೆ ಹೋಗಲೇ, ಡಿಜಿಟಲ್‌ನಲ್ಲೇ ಇರಲೇ ಎಂದು ಕೇಳತೊಡಗಿದ್ದಾರೆ. ಇಂಥ ಚರ್ಚೆ ಸಾಮಾನ್ಯವಾಗಿ ಯಾವುದರ ಬಣ್ಣ ಚೆಂದ, ಯಾವುದರಲ್ಲಿ ಜೀವಂತಿಕೆ ಹೆಚ್ಚು ಎಂಬಲ್ಲೇ ಸುತ್ತುತ್ತದೆ. ಕಸುಬಿನವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ ಎನ್ನುವುದು ನನ್ನ ವಾದ. ಹಣ ಪಡೆದು ಮತ್ತೊಬ್ಬರಿಗಾಗಿ ಚಿತ್ರ ತೆಗೆಯುವವರು ಎರಡು ಭರವಸೆ ಕೊಟ್ಟಿರುತ್ತಾರೆ: ಚಿತ್ರ ಸಿಕ್ಕೇ ಸಿಗುತ್ತದೆ, ಸಿಕ್ಕ ಚಿತ್ರ ಮುಂದೆಯೂ ಉಳಿಯುತ್ತದೆ. ಮೊದಲ ಭರವಸೆಯನ್ನು ಈಡೇರಿಸಲು ಡಿಜಿಟಲ್ ಕ್ಯಾಮೆರಾ ಫಿಲಂಗಿಂತ ಎಷ್ಟೋ ಮೇಲು. ಎರಡನೆಯದನ್ನು ಅದು ತಾನಾಗಿ ಈಡೇರಿಸುವುದಿಲ್ಲ, ಅಲ್ಲಿ ಛಾಯಾಗ್ರಾಹಕರೇ ಬೆವರು ಸುರಿಸಬೇಕು. ಆದ್ದರಿಂದ ಕಸುಬಿಗೆ ಡಿಜಿಟಲ್ಲೇ ಸರಿ, ಆದರೆ ಚಿತ್ರವನ್ನು ಕಾಪಾಡುವ ಹೊಣೆಯನ್ನೂ ಜೊತೆಗೇ ಹೊತ್ತುಕೊಂಡವರಿಗೆ ಮಾತ್ರ.

ಫಿಲಂ ಮೇಲೆ ಬೆಳಕು ಬಿದ್ದಾಗ ಏನಾಗುತ್ತದೆ ಎಂದು ನೋಡಿದರೆ ಮೊದಲ ಮಾತು ಸ್ಪಷ್ಟವಾಗುತ್ತದೆ. ಫಿಲಂಗೆ ಬಳಿದ ಜೆಲಟಿನ್ ಪದರದಲ್ಲಿ ಬೆಳ್ಳಿಯ ಲವಣದ ಅತಿ ಸಣ್ಣ ಹರಳುಗಳಿರುತ್ತವೆ. ಶಟರ್ ತೆರೆದಾಗ ಬೆಳಕು ತಾಕಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದೆಡೆ ಕೂಡಿಕೊಳ್ಳುತ್ತವೆ. ಅಷ್ಟರಿಂದ ಕಣ್ಣಿಗೇನೂ ಕಾಣದು. ಡೆವಲಪರ್ ದ್ರಾವಣದಲ್ಲಿ ಮುಳುಗಿದ ಮೇಲೆಯೇ ಚಿತ್ರ ಮೂಡುತ್ತದೆ. ಬಣ್ಣದ ನೆಗೆಟಿವ್ ತೊಳೆಯುವುದು ‘ಸಿ-41’ ಎಂಬ ವಿಧಾನದಲ್ಲಿ. ಅದರ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಕಾಲು ಡಿಗ್ರಿಯಷ್ಟೂ ಏರುಪೇರಾಗಬಾರದು, ಫಿಲಂ ಅದರಲ್ಲಿ 3 ನಿಮಿಷ 15 ಸೆಕೆಂಡು ಇರಬೇಕು. ಲ್ಯಾಬಿನ ದ್ರಾವಣ ಹಳತಾಗಿದ್ದರೆ ಬಣ್ಣ ಕೆಡುತ್ತದೆ. ರೀಲಿನ ತುದಿ ಕ್ಯಾಮೆರಾದೊಳಗೆ ಸರಿಯಾಗಿ ಸಿಕ್ಕಿಕೊಂಡಿರದಿದ್ದರೆ 36 ಸಲ ಗುಂಡಿ ಒತ್ತಿದರೂ ಫಿಲಂ ಇದ್ದಲ್ಲೇ ಇರುತ್ತದೆ. ಫ್ಲ್ಯಾಶ್‌ಗೆ ಹೊಂದದಷ್ಟು ಶಟರ್ ವೇಗ ಇಟ್ಟುಬಿಟ್ಟರೆ ಪ್ರತಿ ಚಿತ್ರದಲ್ಲೂ ಒಂದು ಭಾಗ ಕಪ್ಪಾಗಿ ಕೂರುತ್ತದೆ. ಫಿಲಂ ಕಾಲದ ಸ್ಟುಡಿಯೋದವರಿಗೆಲ್ಲ ಗೊತ್ತಿದ್ದ ತೊಂದರೆಗಳೇ ಇವು. ಕುಶಲಿಗಳು ಇವನ್ನು ತಪ್ಪಿಸುತ್ತಿದ್ದರು ನಿಜ. ಆದರೆ ತಪ್ಪಿದೆಯೋ ಇಲ್ಲವೋ ಎನ್ನುವುದು ರೀಲು ತೊಳೆಸಿ ಬರುವವರೆಗೆ ಅವರಿಗೂ ತಿಳಿಯುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಕಾರ್ಯಕ್ರಮ ಮುಗಿದು, ಹಾಕಿದ ಚಪ್ಪರವನ್ನೂ ಬಿಚ್ಚಿ ಆಗಿರುತ್ತಿತ್ತು.

ಕರ್ನಾಟಕದಲ್ಲಿ ಸ್ಟುಡಿಯೋ ಇಟ್ಟುಕೊಂಡವರ ಮುಖ್ಯ ದುಡಿಮೆಯೇ ಮದುವೆ, ಆದ್ದರಿಂದ ಮದುವೆ ಮಂಟಪದಲ್ಲೇ ಇದನ್ನು ಪರೀಕ್ಷಿಸುವುದು ನ್ಯಾಯ. ಮುಹೂರ್ತದ ಹೊತ್ತಿಗೆ ನೆಂಟರೆಲ್ಲ ಮಂಟಪವನ್ನು ಮುತ್ತಿರುತ್ತಾರೆ. ಅಂತರಪಟ ಸರಿಯುತ್ತದೆ, ವಧೂವರರು ಒಬ್ಬರ ತಲೆಗೊಬ್ಬರು ಜೀರಿಗೆ ಬೆಲ್ಲ ಹಾಕುತ್ತಾರೆ, ಧಾರೆ ಎರೆದಾಗುತ್ತದೆ, ಗಟ್ಟಿಮೇಳ ಏಳುತ್ತಿದ್ದಂತೆ ತಾಳಿಯ ಗಂಟು ಬೀಳುತ್ತದೆ, ನಾಲ್ಕೂ ಕಡೆಯಿಂದ ಅಕ್ಷತೆ ಹಾರುತ್ತದೆ. ಗಂಟು ಬೀಳುವ ಕೆಲವೇ ಸೆಕೆಂಡುಗಳಲ್ಲಿ ಪುರೋಹಿತರ ಕೈ, ಸೋದರಮಾವನ ಭುಜ, ಹೋಮದ ಹೊಗೆ ಎಲ್ಲ ಅಡ್ಡ ಬರುತ್ತವೆ. ಡಿಜಿಟಲ್ ಕ್ಯಾಮೆರಾ ಹಿಡಿದವರು ಅಂತರಪಟ ಸರಿದ ಚಿತ್ರ ತೆಗೆದು ಪರದೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು. ಬೆಳಕು ಹೆಚ್ಚಾಗಿದ್ದರೂ ಫ್ಲ್ಯಾಶ್ ಕೈಕೊಟ್ಟಿದ್ದರೂ ಧಾರೆಗೆ ಮುಂಚೆಯೇ ಸರಿಪಡಿಸಿಕೊಳ್ಳಬಹುದು. ಎರಡು ಕಾರ್ಡ್ ಹಾಕುವ ಕ್ಯಾಮೆರಾದಲ್ಲಿ ಪ್ರತಿ ಚಿತ್ರವೂ ಎರಡೂ ಕಾರ್ಡಿಗೆ ಒಟ್ಟಿಗೇ ದಾಖಲಾಗುವಂತೆ ಹೊಂದಿಸಬಹುದು, ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಫಿಲಂನವರಿಗೆ ಈ ಎರಡು ರಕ್ಷಣೆಯೂ ಇಲ್ಲ. 35ನೇ ಫ್ರೇಮಿಗೆ ಬಂದು ನಿಂತ ರೀಲನ್ನು ಗಟ್ಟಿಮೇಳದ ನಡುವೆ ಬದಲಿಸುವಂತೆಯೂ ಇಲ್ಲ. ಇನ್ನೊಮ್ಮೆ ತಾಳಿ ಕಟ್ಟಿ ಎಂದು ಯಾರನ್ನೂ ಕೇಳಲಾಗದು. ಚಿತ್ರ ಕೆಟ್ಟರೆ ಛಾಯಾಗ್ರಾಹಕರು ಹಣ ವಾಪಸು ಕೊಡಬಹುದು, ಆ ಗಳಿಗೆಯನ್ನು ಕೊಡಲಾರರು. ನಷ್ಟ ಆ ಮನೆಯವರ ಪಾಲಿಗೇ ಉಳಿಯುತ್ತದೆ.

ವೃತ್ತಿನಿರತರು ಹೀಗೆ ಹೊಣೆಯ ಲೆಕ್ಕ ಹಾಕಿಯೇ ಡಿಜಿಟಲ್‌ಗೆ ಬಂದರು ಎಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮೆರಾದ ಚಿತ್ರದಲ್ಲಿ ಇದ್ದದ್ದು 10,000 ಬಿಂದುಗಳು, ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು ಬೇಕಾಗಿತ್ತು. ಅದರಿಂದ ಯಾರ ಕೆಲಸವೂ ಆಗುವಂತಿರಲಿಲ್ಲ. 1999ರಲ್ಲಿ ಬಂದ ನಿಕಾನ್ ಡಿ1 ಕ್ಯಾಮೆರಾದ ಸಾಮರ್ಥ್ಯ ಸುಮಾರು 2.7 ಮೆಗಾಪಿಕ್ಸೆಲ್. ಆ ಕಾಲದ ಒಳ್ಳೆಯ ಫಿಲಂ ಎದುರು ಅದರ ಚಿತ್ರ ಸೂಕ್ಷ್ಮ ವಿವರದಲ್ಲಿ ಸಾಟಿಯಾಗಿರಲಿಲ್ಲ. ಆದರೂ ಪತ್ರಿಕೆಗಳ ಛಾಯಾಗ್ರಾಹಕರು ಎಲ್ಲರಿಗಿಂತ ಮೊದಲು ಅತ್ತ ಹೊರಳಿದರು. ಸಂಜೆಯ ಪಂದ್ಯದ ಚಿತ್ರ ರಾತ್ರಿಯ ಮುದ್ರಣಕ್ಕೆ ತಲುಪಲೇಬೇಕು. ಡಾರ್ಕ್‌ರೂಮಿಗೆ ಓಡಿ, ರೀಲು ತೊಳೆದು, ಒಣಗಿಸಿ, ಸ್ಕ್ಯಾನ್ ಮಾಡುವ ಸಮಯವೆಲ್ಲ ಅದರಿಂದ ಉಳಿಯಿತು. ಓದುಗರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಸಾಧನವಾಗಿ ಅದನ್ನು ಆರಿಸಿಕೊಂಡರು, ಸೌಂದರ್ಯದ ತೀರ್ಪು ಅಲ್ಲಿ ಎರಡನೆಯದಾಗಿತ್ತು. ದಶಕಗಳ ಕಾಲ ಫಿಲಂನಲ್ಲೇ ಹೆಸರು ಮಾಡಿದ್ದ ರಘು ರಾಯ್ 2003ರಲ್ಲಿ ಡಿಜಿಟಲ್ ಹಿಡಿದವರು ಮತ್ತೆ ಹಿಂತಿರುಗಲಿಲ್ಲ. ಈಗ ಗುಣಮಟ್ಟದ ಅಂತರವೂ ತಿರುಗುಮುರುಗಾಗಿದೆ. ಇಂದು ಸಾಧಾರಣವೆನಿಸುವ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 35 ಎಂ.ಎಂ. ಬಣ್ಣದ ನೆಗೆಟಿವ್‌ಗಿಂತ ಸ್ವಚ್ಛವಾಗಿರುತ್ತದೆ. ಸ್ಟುಡಿಯೋದವರು ಮಾಡಿಕೊಡುವ 12x36 ಇಂಚಿನ ಕರಿಜ್ಮಾ ಆಲ್ಬಂ ಪುಟಕ್ಕೆ ಅದು ಧಾರಾಳ ಸಾಕು.

ಫಿಲಂ ಪಕ್ಷದವರ ಮೊದಲ ಆಕ್ಷೇಪ ಬೆಳಕಿನ ಛಾಯೆಗಳ ಬಗ್ಗೆ, ಮತ್ತು ಅದರಲ್ಲಿ ಹುರುಳಿದೆ. ಡಿಜಿಟಲ್ ಕ್ಯಾಮೆರಾದ ಸೆನ್ಸರ್‌ನ ಪ್ರತಿ ಬಿಂದುವೂ ತಾನು ಹಿಡಿಯಬಲ್ಲಷ್ಟು ಬೆಳಕು ತುಂಬಿದ ಮೇಲೆ ಹೆಚ್ಚಿನದನ್ನು ದಾಖಲಿಸುವುದಿಲ್ಲ. ವರನ ಬಿಳಿ ಪಂಚೆಯ ಮಡಿಕೆ, ಸೀರೆಯ ಜರಿ, ಹೋಮದ ಜ್ವಾಲೆ ಅಲ್ಲಿ ಬರಿ ಬಿಳಿ ಕಲೆಯಾಗಿಬಿಡಬಹುದು. ಹಾಗೆ ಹೋದ ವಿವರವನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು. ನೆಗೆಟಿವ್ ಫಿಲಂ ಹಾಗಲ್ಲ. ಬೆಳಕು ಹೆಚ್ಚಾದಂತೆ ಅದರ ಪ್ರತಿಕ್ರಿಯೆ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚು ಬೆಳಕು ಬಿದ್ದರೂ ಪಂಚೆಯ ಮಡಿಕೆ ಉಳಿದಿರುತ್ತದೆ. ಆದರೆ ಈ ಔದಾರ್ಯ ನೆಗೆಟಿವ್‌ನದು ಮಾತ್ರ. ಪತ್ರಿಕೆ, ಜಾಹೀರಾತು, ವನ್ಯಜೀವಿ ಛಾಯಾಗ್ರಾಹಕರು ದಶಕಗಟ್ಟಲೆ ಬಳಸಿದ್ದು ಸ್ಲೈಡ್ ಫಿಲಂ. 1935ರಿಂದ 2009ರವರೆಗೆ ತಯಾರಾದ ಕೊಡಾಕ್ರೋಮ್‌ನಂಥ ಸ್ಲೈಡಿಗೆ ಐದಾರು ಸ್ಟಾಪ್‌ಗಿಂತ ಹೆಚ್ಚಿನ ವ್ಯತ್ಯಾಸ ತಡೆಯುತ್ತಿರಲಿಲ್ಲ, ಅರ್ಧ ಸ್ಟಾಪ್ ತಪ್ಪಿದರೂ ಚಿತ್ರ ಮಂಕಾಗುತ್ತಿತ್ತು. ಸ್ಲೈಡ್ ಬಳಸುವವರು ಅತಿ ಬೆಳಗುವ ಭಾಗವನ್ನು ಅಳೆದು ಅದನ್ನು ಕಾಪಾಡುವಂತೆ ಬೆಳಕು ಹೊಂದಿಸುತ್ತಿದ್ದರು. ಡಿಜಿಟಲ್‌ಗೂ ಅದೇ ಪಾಠ ಸಾಕು. ಪಂಚೆಯನ್ನು ಉಳಿಸಿಕೊಳ್ಳುವಂತೆ ಅಳತೆ ಇಟ್ಟು, ಸೆನ್ಸರ್ ದಾಖಲಿಸಿದ್ದನ್ನು ಹಾಗೆಯೇ ಇಡುವ ರಾ ಫೈಲಿನಲ್ಲಿ ತೆಗೆದರೆ, ನೆರಳಿನಲ್ಲಿ ಅಡಗಿದ ಮುಖವನ್ನು ಆಮೇಲೆ ಬೆಳಗಿಸಬಹುದು. ಒಳ್ಳೆಯ ಫುಲ್ ಫ್ರೇಮ್ ಸೆನ್ಸರ್ ಈಗ ಸುಮಾರು 14 ಸ್ಟಾಪ್‌ಗಳ ವ್ಯಾಪ್ತಿಯನ್ನು ಹಿಡಿಯುತ್ತದೆ. ಅಂದರೆ ಫಿಲಂನ ಮೇಲುಗೈ ಇರುವುದು ಅಳತೆ ತಪ್ಪಿದವರನ್ನು ಕ್ಷಮಿಸುವುದರಲ್ಲಿ. ತಪ್ಪನ್ನು ಅಲ್ಲೇ ತೋರಿಸಿಕೊಡುವ ಯಂತ್ರ ಕೈಯಲ್ಲಿರುವಾಗ ಆ ಕ್ಷಮೆಯ ಅಗತ್ಯ ಕಡಿಮೆ.

ಬೆಳಕು ಕಡಿಮೆಯಾದಲ್ಲಂತೂ ಹೋಲಿಕೆಯೇ ಮುಗಿಯುತ್ತದೆ. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೊಡ್ಡ ಪರಂಪರೆಯಿದೆ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದವರು ನಿಧಾನದ ಫಿಲಂನಲ್ಲಿ ಮಾಡಿದ ಕೆಲಸ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅವರ ತಾಳ್ಮೆಗೆ ಎಣೆಯಿಲ್ಲ. ಆದರೆ ಫಿಲಂ ಅವರಿಗೆ ಹಾಕಿದ್ದ ಗಡಿಯನ್ನೂ ನೋಡಬೇಕು. ಮುಸ್ಸಂಜೆಯಲ್ಲಿ ಬೆಳಕಿನ ಸಂವೇದನೆ ಐಎಸ್ಒ 400 ಇರುವ ಫಿಲಂ ಹಾಕಿ ಸೆಕೆಂಡಿನ 60ನೇ ಒಂದು ಭಾಗದ ಶಟರ್ ವೇಗ ಸಿಕ್ಕಿತು ಎನ್ನೋಣ. ಉದ್ದ ಲೆನ್ಸಿನಲ್ಲಿ ನಡೆಯುವ ಆನೆಯೂ ಅಷ್ಟಕ್ಕೆ ಮಸುಕಾಗುತ್ತದೆ. ಅದೇ ಬೆಳಕಿನಲ್ಲಿ ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್ಒ 6400 ಇಟ್ಟರೆ ವೇಗ 16 ಪಟ್ಟು ಹೆಚ್ಚಿ ಸೆಕೆಂಡಿನ 1000ನೇ ಒಂದು ಭಾಗದ ಸಮೀಪ ಬರುತ್ತದೆ. ಜಿಗಿಯುವ ಚಿರತೆಯೂ ನಿಚ್ಚಳವಾಗಿ ಸಿಗುತ್ತದೆ. ಫಿಲಂ ಹಾಕಿದವರು ಆ ರೀಲು ಮುಗಿಯುವವರೆಗೆ ಒಂದೇ ಐಎಸ್ಒಗೆ ಕಟ್ಟುಬಿದ್ದವರು. ಡಿಜಿಟಲ್‌ನವರು ಮಂಟಪದ ಝಗಮಗದಿಂದ ಅಡುಗೆಮನೆಯ ಮಬ್ಬಿಗೆ ಹೋಗುವಾಗ ಬೆರಳ ತುದಿಯಲ್ಲಿ ಬದಲಿಸಿಕೊಳ್ಳುತ್ತಾರೆ. ಯಕ್ಷಗಾನದ ರಂಗಸ್ಥಳ, ಕರಾವಳಿಯ ರಾತ್ರಿ ಕೋಲ, ಊರಹಬ್ಬದ ದೀವಟಿಗೆ ಮೆರವಣಿಗೆ ಇವೆಲ್ಲ ಫ್ಲ್ಯಾಶ್ ಇಲ್ಲದೆ, ತಮ್ಮದೇ ಬೆಳಕಿನಲ್ಲಿ ದಾಖಲಾಗತೊಡಗಿದ್ದು ಹೀಗೆ. ನಮ್ಮ ಸಂಸ್ಕೃತಿಯ ದಾಖಲೆಯ ದೃಷ್ಟಿಯಿಂದ ಇದು ಸಣ್ಣ ಲಾಭವಲ್ಲ.

ಎರಡನೆಯ ಆಕ್ಷೇಪ ಶಿಸ್ತಿನದು. ರೀಲಿಗೆ 36 ಚಿತ್ರ, ಅಗಲ ಫಿಲಂನ ಕ್ಯಾಮೆರಾದಲ್ಲಿ 12 ಚಿತ್ರ ಮಾತ್ರ ಇದ್ದಾಗ ಛಾಯಾಗ್ರಾಹಕರು ಯೋಚಿಸಿ ಗುಂಡಿ ಒತ್ತುತ್ತಿದ್ದರು. ಈಗ ಸಾವಿರಗಟ್ಟಲೆ ತೆಗೆದು ಅದೃಷ್ಟಕ್ಕೆ ಬಿಡುತ್ತಾರೆ ಎನ್ನುವ ದೂರು ಸುಳ್ಳಲ್ಲ. ಎರಡು ದಿನದ ಮದುವೆಗೆ ಮೂರು ಸಾವಿರ ಚಿತ್ರ ತೆಗೆದು, ಅವನ್ನು ಜಾಲಾಡಲು ವಾರ ಕಳೆಯುವವರಿದ್ದಾರೆ. ಆ ವಾರವೂ ಖರ್ಚೇ. ಫಿಲಂನಲ್ಲಿ ಕೆಲವು ತಿಂಗಳು ಕಲಿತವರ ಕಣ್ಣು ಹರಿತವಾಗುತ್ತದೆ ಎಂಬುದನ್ನೂ ಒಪ್ಪುತ್ತೇನೆ, ಛಾಯಾಗ್ರಹಣ ಕಲಿಸುವ ಶಾಲೆಗಳಲ್ಲಿ ಡಾರ್ಕ್‌ರೂಮ್ ಉಳಿಯಲಿ ಎಂದೇ ನನ್ನ ಆಸೆ. ಆದರೆ ಕಲಿಕೆಯ ಸಾಧನ ಬೇರೆ, ಗಿರಾಕಿಯ ಕೆಲಸಕ್ಕೆ ಒಯ್ಯುವ ಸಾಧನ ಬೇರೆ. ಕಲಿಯುವಾಗ ಆಗುವ ತಪ್ಪಿನ ಬೆಲೆಯನ್ನು ಕಲಿಯುವವರೇ ತೆರುತ್ತಾರೆ. ಕೆಲಸದಲ್ಲಿ ಆಗುವ ತಪ್ಪಿನ ಬೆಲೆಯನ್ನು ಬೇರೆಯವರು ತೆರಬೇಕಾಗುತ್ತದೆ. ಅಷ್ಟಲ್ಲದೆ, ಯಂತ್ರ ಹೇರಿದ ಕೊರತೆಯಿಂದ ಬಂದ ಸಂಯಮ ಕೊರತೆ ನೀಗಿದೊಡನೆ ಹೋಗಿಬಿಡುವುದಾದರೆ ಅದು ಮೈಗೂಡಿರಲಿಲ್ಲ ಎಂದೇ ಅರ್ಥ. ಚಿತ್ರಕ್ಕೆ ಮೊದಲು ಬೆಳಕು, ಹಿನ್ನೆಲೆ, ನಿಲ್ಲುವ ಜಾಗ ನೋಡಿಕೊಳ್ಳುವವರು ಯಾವ ಕ್ಯಾಮೆರಾ ಕೊಟ್ಟರೂ ನೋಡಿಕೊಳ್ಳುತ್ತಾರೆ.

ಖರ್ಚಿನ ವಿಷಯಕ್ಕೆ ಬಂದರೆ, ಹಳೆಯ ಫಿಲಂ ಕ್ಯಾಮೆರಾ ಅಗ್ಗಕ್ಕೆ ಸಿಗುತ್ತದೆ ಎಂಬ ಮಾತು ಕಸುಬಿನ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಲೆಕ್ಕಕ್ಕಾಗಿ ಒಂದು ರೀಲಿಗೆ 1000 ರೂಪಾಯಿ, ತೊಳೆದು ಸ್ಕ್ಯಾನ್ ಮಾಡಿಸಲು 500 ರೂಪಾಯಿ ಎಂದಿಟ್ಟುಕೊಳ್ಳೋಣ. ಮಿತವಾಗಿ ತೆಗೆದು ಮದುವೆಗೆ 15 ರೀಲು ಸಾಕು ಎಂದರೂ 22,500 ರೂಪಾಯಿ. ವರ್ಷಕ್ಕೆ 20 ಮದುವೆಯಾದರೆ 4.5 ಲಕ್ಷ. ಒಳ್ಳೆಯದೊಂದು ಫುಲ್ ಫ್ರೇಮ್ ಕ್ಯಾಮೆರಾ, ಒಂದೆರಡು ಲೆನ್ಸ್‌ಗಳನ್ನು ಕೊಂಡು ಐದಾರು ವರ್ಷ ದುಡಿಸುವಷ್ಟು ಹಣ ಒಂದೇ ವರ್ಷದಲ್ಲಿ ಕರಗುತ್ತದೆ. ಡಿಜಿಟಲ್‌ಗೂ ಕಂಪ್ಯೂಟರ್, ಹಾರ್ಡ್ ಡಿಸ್ಕ್, ಸಾಫ್ಟ್‌ವೇರ್ ಖರ್ಚಿದೆ, ಆದರೆ ಅದು ಚಿತ್ರದ ಸಂಖ್ಯೆಗೆ ತಕ್ಕಂತೆ ಏರುತ್ತ ಹೋಗುವುದಿಲ್ಲ. ಇನ್ನೊಂದು ಅಂಶ ಪೂರೈಕೆಯದು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಹಿಂದೂಸ್ತಾನ್ ಫೋಟೊ ಫಿಲಂಸ್ ‘ಇಂದು’ ಹೆಸರಿನಲ್ಲಿ ಫಿಲಂ ತಯಾರಿಸುತ್ತಿತ್ತು. ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ನಾವು ಹೊರದೇಶದ ಕೆಲವೇ ತಯಾರಕರನ್ನು ನೆಚ್ಚಿಕೊಂಡಿದ್ದೇವೆ. ಅವರು ಬೆಲೆ ಏರಿಸಿದರೂ ಒಂದು ಬಗೆಯ ಫಿಲಂ ನಿಲ್ಲಿಸಿದರೂ ನಮ್ಮ ಮಾತು ನಡೆಯದು. ಅಮೆರಿಕದ ಕ್ಯಾನ್ಸಸ್‌ನಲ್ಲಿದ್ದ ಕೊಟ್ಟಕೊನೆಯ ಲ್ಯಾಬ್ 2010ರ ಡಿಸೆಂಬರ್‌ನಲ್ಲಿ ಕೊಡಾಕ್ರೋಮ್ ರೀಲುಗಳನ್ನು ತೊಳೆಯಲು ಪಡೆಯುವುದನ್ನು ನಿಲ್ಲಿಸಿದಾಗ, ಜಗತ್ತಿನಲ್ಲಿ ಉಳಿದಿದ್ದ ಆ ಫಿಲಂನ ರೀಲುಗಳನ್ನು ಅದರ ಬಣ್ಣದಲ್ಲಿ ತೊಳೆಸುವ ದಾರಿಯೇ ಮುಚ್ಚಿತು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಬಲವಾದದ್ದು: ನೆಗೆಟಿವ್ ಉಳಿಯುತ್ತದೆ, ಫೈಲು ಅಳಿಯುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕಾರ್ಯವನ್ನು ಚಿತ್ರಿಸಿದ್ದರು. ಅಂಥ ಚಿತ್ರಗಳು ನಮ್ಮ ಕಾಲಕ್ಕೂ ದಾಟಿ ಬಂದದ್ದು ಕೈಗೆ ಸಿಗುವ ವಸ್ತುಗಳಾಗಿ ಇದ್ದುದರಿಂದ. ಸರಿಯಾಗಿ ತೊಳೆದ ಕಪ್ಪುಬಿಳುಪು ನೆಗೆಟಿವ್ ತಂಪಾದ, ಒಣ ಜಾಗದಲ್ಲಿ ಯಾರೂ ಮುಟ್ಟದಿದ್ದರೂ ನೂರು ವರ್ಷ ಬಾಳಬಲ್ಲದು. ಬೆಳಕಿಗೆ ಹಿಡಿದರೆ ಯಾವ ಯಂತ್ರವೂ ಇಲ್ಲದೆ ಕಾಣುತ್ತದೆ. ಹಾರ್ಡ್ ಡಿಸ್ಕ್ ಹಾಗಲ್ಲ, ಮುನ್ಸೂಚನೆ ಕೊಡದೆ ಕೆಡುತ್ತದೆ. ಕೆಟ್ಟಾಗ ಒಂದು ಚಿತ್ರವಲ್ಲ, ಎಷ್ಟೋ ಮನೆಗಳ ಮದುವೆಗಳು ಒಟ್ಟಿಗೇ ಹೋಗುತ್ತವೆ. ಹಾಗೆಂದು ಫಿಲಂ ಅಮರವೂ ಅಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ನೆಗೆಟಿವ್‌ಗೆ ಬೂಸ್ಟು ಹಿಡಿಯುತ್ತದೆ, ಸೆಖೆ ಮತ್ತು ತೇವಕ್ಕೆ ಅಸಿಟೇಟ್ ಫಿಲಂ ವಿನೆಗರ್ ವಾಸನೆ ಹೊಡೆಯುತ್ತ ಸುರುಟಿಕೊಳ್ಳುತ್ತದೆ, ಬಣ್ಣದ ಫಿಲಂನ ವರ್ಣಗಳು ಮಾಸುತ್ತವೆ. ಒಂದೇ ಒಂದು ಪ್ರತಿ ಇರುವುದರಿಂದ ಬೆಂಕಿ, ನೀರು, ಗೆದ್ದಲು ಯಾವುದು ಬಂದರೂ ಕಥೆ ಮುಗಿಯಿತು. ಡಿಜಿಟಲ್ ಫೈಲಿನ ವಿಶೇಷವೆಂದರೆ ಅದರ ಪ್ರತಿಯೂ ಮೂಲದಷ್ಟೇ ಮೂಲ. ಆದರೆ ಆ ಪ್ರತಿಯನ್ನು ಯಾರಾದರೂ ಮಾಡಿಡಬೇಕು, ಡಿಸ್ಕ್ ಹಳತಾದಂತೆ ಹೊಸದಕ್ಕೆ ಸಾಗಿಸುತ್ತಿರಬೇಕು. ನೆಗೆಟಿವ್ ಒಂದಿಷ್ಟು ಅಲಕ್ಷ್ಯವನ್ನು ತಡೆದುಕೊಳ್ಳುತ್ತದೆ, ಫೈಲು ತಡೆದುಕೊಳ್ಳುವುದಿಲ್ಲ. ಡಿಜಿಟಲ್ ಆರಿಸಿಕೊಂಡವರ ಮೇಲೆ ಬೀಳುವ ಹೊಸ ಹೊಣೆ ಇದು.

ಚಿತ್ರ ಹಿಡಿಯುವ, ಅದನ್ನು ಉಳಿಸುವ ಎರಡೂ ಹೊಣೆಗಳನ್ನು ಒಟ್ಟಿಗೆ ಹೊತ್ತವರ ನಿದರ್ಶನ ಬೇಕಾದರೆ ಬ್ರೆಜಿಲ್‌ನ ಸೆಬಾಸ್ಟಿಯಾವೊ ಸಲ್ಗಾಡೊ ಅವರನ್ನು ನೋಡಬೇಕು. ಭೂಮಿಯ ಮೇಲೆ ಕೆಡದೆ ಉಳಿದಿರುವ ತಾಣಗಳನ್ನು ಚಿತ್ರಿಸುವ ‘ಜೆನೆಸಿಸ್’ ಯೋಜನೆಯನ್ನು ಅವರು 2004ರಲ್ಲಿ ಫಿಲಂನಲ್ಲೇ ಆರಂಭಿಸಿದರು. ಅದುವರೆಗೆ ಹೆಚ್ಚಾಗಿ ಕಪ್ಪುಬಿಳುಪು ಫಿಲಂನಲ್ಲಿ ದುಡಿದಿದ್ದ ಅವರಿಗೆ ಕಾಡಿದ್ದು ವಿಮಾನ ನಿಲ್ದಾಣಗಳ ಎಕ್ಸ್-ರೇ. ದಾರಿಯುದ್ದಕ್ಕೂ ಮತ್ತೆ ಮತ್ತೆ ತಪಾಸಣೆಗೊಳಗಾದ ರೀಲುಗಳ ಛಾಯೆ ಕೆಡುತ್ತಿತ್ತು. 2008ರಲ್ಲಿ ಅವರು ಡಿಜಿಟಲ್‌ಗೆ ಬದಲಾದರು. ಹಾಗೆಂದು ಹಳೆಯ ಕ್ರಮವನ್ನು ಬಿಡಲಿಲ್ಲ: ಫೈಲುಗಳಿಂದ ಕಾಂಟ್ಯಾಕ್ಟ್ ಶೀಟ್ ಮುದ್ರಿಸಿಕೊಂಡು, ಭೂತಗನ್ನಡಿ ಹಿಡಿದು ಚಿತ್ರಗಳನ್ನು ಆರಿಸಿದರು, ಆರಿಸಿದ ಚಿತ್ರಗಳನ್ನು ಪ್ಯಾರಿಸ್‌ನ ಲ್ಯಾಬಿನಲ್ಲಿ ಫಿಲಂ ನೆಗೆಟಿವ್‌ಗೆ ಇಳಿಸಿ ಕಾಪಿಟ್ಟರು. ಚಿತ್ರ ಹಿಡಿಯಲು ಡಿಜಿಟಲ್, ಉಳಿಸಲು ಫಿಲಂ ಎಂದು ಕೆಲಸವನ್ನು ಎರಡಾಗಿ ಒಡೆದುಕೊಂಡದ್ದೇ ಅವರ ವಿವೇಕ. ನಮ್ಮ ತಾಲ್ಲೂಕು ಕೇಂದ್ರದ ಸ್ಟುಡಿಯೋದವರು ಪ್ಯಾರಿಸ್‌ಗೆ ಹೋಗಬೇಕಿಲ್ಲ. ಸೆರೆಹಿಡಿದ ಕೂಡಲೇ ತಮ್ಮ ಕೆಲಸ ಮುಗಿಯಿತೆಂದು ಸಲ್ಗಾಡೊ ಭಾವಿಸಲಿಲ್ಲ ಎನ್ನುವುದನ್ನು ಕಲಿತರೆ ಸಾಕು.

ಕೃತಕ ಬುದ್ಧಿಮತ್ತೆ ಚಿತ್ರಗಳನ್ನು ಸೃಷ್ಟಿಸುತ್ತಿರುವ ಕಾಲದಲ್ಲಿ ನೆಗೆಟಿವ್ ಒಂದೇ ಸತ್ಯದ ಸಾಕ್ಷಿ ಎನ್ನುವ ವಾದವೂ ಕೇಳಿಬರುತ್ತಿದೆ. ಘಟನೆ ನಡೆದಲ್ಲಿ ಬೆಳಕು ತಾಕಿದ ವಸ್ತುವೊಂದು ಕೈಯಲ್ಲಿರುವುದು ದೊಡ್ಡ ಬಲವೇ. ಆದರೆ ಡಾರ್ಕ್‌ರೂಮಿನಲ್ಲೂ ಚಿತ್ರ ತಿದ್ದಿದ ಚರಿತ್ರೆ ಉದ್ದವಾಗಿದೆ. ಅತ್ತ ಡಿಜಿಟಲ್‌ನಲ್ಲಿ ಮೂಲ ರಾ ಫೈಲು ಹಾಜರುಪಡಿಸುವಂತೆ ಕೇಳುವ ಸ್ಪರ್ಧೆಗಳಿವೆ. ಚಿತ್ರ ತೆಗೆದ ಕ್ಷಣದಲ್ಲೇ ಅದರ ಮೂಲವನ್ನು ಗುರುತಿಸುವ ಮೊಹರನ್ನು ಫೈಲಿಗೆ ಒತ್ತುವ ಕ್ಯಾಮೆರಾಗಳೂ 2023ರಲ್ಲಿ ಬಂದ ಲೈಕಾ ಎಂ11-ಪಿಯಿಂದ ಮೊದಲಾಗಿ ಬರತೊಡಗಿವೆ. ನಂಬಿಕೆ ಹುಟ್ಟುವುದು ಮೂಲವನ್ನು ಜೋಪಾನ ಮಾಡಿ, ಕೇಳಿದಾಗ ತೋರಿಸುವ ಅಭ್ಯಾಸದಿಂದ. ಇಷ್ಟಾದರೂ ಫಿಲಂಗೆ ಕಸುಬಿನಲ್ಲಿ ಇನ್ನೂ ಜಾಗವಿದೆ: ಎದುರು ಕೂತವರಿಗೂ ತೆಗೆಯುವವರಿಗೂ ಸಮಯವಿರುವ ಭಾವಚಿತ್ರ, ಕಲಾವಿದರು ತಮಗಾಗಿಯೇ ಮಾಡುವ ಕೆಲಸ, ದೊಡ್ಡ ಶೀಟ್ ಫಿಲಂನಲ್ಲಿ ತೆಗೆಯುವ ಕಟ್ಟಡ ಮತ್ತು ನಿಸರ್ಗ. ಮದುವೆಯಲ್ಲೂ ಮನೆಯವರು ತಿಳಿದು ಕೇಳಿದರೆ ಎರಡನೆಯ ಕ್ಯಾಮೆರಾವಾಗಿ ಒಂದೆರಡು ರೀಲು ಇರಲಿ. ಮರಳಿ ಬಾರದ ಗಳಿಗೆಯನ್ನು ಅದೊಂದರ ಮೇಲೆಯೇ ಬಿಡುವುದು ಮಾತ್ರ ಸಲ್ಲದು.

ಆದ್ದರಿಂದ ಕಸುಬಿಗೆ ಇಳಿಯುವವರು ಎರಡು ಕಾರ್ಡ್ ಹಿಡಿಯುವ ಡಿಜಿಟಲ್ ಕ್ಯಾಮೆರಾ ಕೊಳ್ಳಲಿ, ಕ್ಯಾಮೆರಾಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಮೊದಲ ದಿನದಿಂದಲೇ ಚಿತ್ರಗಳ ರಕ್ಷಣೆಗೆ ಎತ್ತಿಡಲಿ. ಪ್ರತಿ ಕೆಲಸದ ಫೈಲಿಗೂ ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಸ್ಟುಡಿಯೋದ ಹೊರಗೆ ಇನ್ನೊಂದು ಕಡೆ ಇರಲಿ. ಆಲ್ಬಂ ಎಷ್ಟೇ ಅಲಂಕಾರದ್ದಾಗಲಿ, ಅದರ ಜೊತೆಗೆ ಮುಖ್ಯವಾದ ಚಿತ್ರಗಳ ಬಿಡಿ ಪ್ರಿಂಟುಗಳ ಒಂದು ಕಟ್ಟನ್ನು, ಹಿಂಬದಿಯಲ್ಲಿ ಹೆಸರು ದಿನಾಂಕ ಬರೆದು, ಮನೆಯವರ ಕೈಗೆ ಕೊಡಲಿ. ಎಷ್ಟು ವರ್ಷ ಫೈಲು ಕಾಪಾಡುತ್ತೇವೆ, ಆಮೇಲೆ ಅದು ಯಾರ ಹೊಣೆ ಎಂಬುದನ್ನು ಮುಂಗಡ ಪಡೆಯುವಾಗಲೇ ರಸೀದಿಯಲ್ಲಿ ಬರೆದುಕೊಡಲಿ. ರೀಲಿನ ಕಾಲದಲ್ಲಿ ನೆಗೆಟಿವ್ ಸ್ಟುಡಿಯೋದ ಬೀರುವಿನಲ್ಲಿ ಇದ್ದೇ ಇರುತ್ತಿತ್ತಾದ್ದರಿಂದ ಇದನ್ನು ಯಾರೂ ಬರೆಯಬೇಕಾಗಿರಲಿಲ್ಲ, ಈಗ ಬರೆಯಲೇಬೇಕು. ರಾಜ್ಯದ ಊರೂರುಗಳಲ್ಲಿ ಛಾಯಾಗ್ರಾಹಕರ ಸಂಘಗಳಿವೆ. ದರಪಟ್ಟಿಯ ಬಗ್ಗೆ ಒಮ್ಮತಕ್ಕೆ ಬರುವ ಆ ಸಂಘಗಳು ಫೈಲು ಕಾಪಾಡುವ ಅವಧಿಯ ಬಗ್ಗೆಯೂ ಒಂದು ನಿಯಮ ಮಾಡಿಕೊಂಡರೆ, ಡಿಜಿಟಲ್ ಆಯ್ಕೆ ಛಾಯಾಗ್ರಾಹಕರಿಗಷ್ಟೇ ಅಲ್ಲದೆ ಅವರನ್ನು ನಂಬಿ ಕರೆದ ಮನೆಗಳಿಗೂ ಲಾಭದ ಆಯ್ಕೆಯಾಗುತ್ತದೆ.